ಬದುವಿನ ಮೇಲೆ ಕೂತವಳ ಪಾಲು

2025ರ ಅಕ್ಟೋಬರ್ 9ರಂದು ರಾಜ್ಯ ಸಚಿವ ಸಂಪುಟ ಋತುಚಕ್ರ ರಜೆ ನೀತಿಗೆ ಒಪ್ಪಿಗೆ ಕೊಟ್ಟಿತು. ತಿಂಗಳಿಗೆ ಒಂದು, ವರ್ಷಕ್ಕೆ 12, ಸಂಬಳ ಸಮೇತ. ಸುದ್ದಿ ಬಂದ ಅರ್ಧ ಗಂಟೆಯಲ್ಲಿ ನಮ್ಮ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಎರಡು ಬಣ ಆಯ್ತು. ‘ಅಂತೂ ಬಂತಪ್ಪ’ ಅನ್ನುವವರು ಒಂದು ಕಡೆ. ‘ಸಮಾನತೆನೂ ಬೇಕು, ರಜೆನೂ ಬೇಕಾ?’ ಅನ್ನುವವರು ಇನ್ನೊಂದು ಕಡೆ. ಎರಡನೇ ಬಣದಲ್ಲಿ ಹೆಂಗಸರೂ ಇದ್ದರು, ಅದೂ ಬಡ್ತಿಗಾಗಿ ಹಲ್ಲು ಕಚ್ಚಿ ದುಡಿದವರು. ಅವರ ಭಯ ನನಗೆ ಅರ್ಥವಾಗುತ್ತೆ. ಇಷ್ಟು ವರ್ಷ ‘ನಾನೂ ನಿಮ್ಮಂಗೆ’ ಅಂತ ತೋರಿಸಿಕೊಂಡು ಬಂದವರಿಗೆ, ಈಗ ‘ನಾನು ನಿಮ್ಮಂಗಲ್ಲ’ ಅಂತ ಅರ್ಜಿ ಹಾಕು ಅಂದರೆ ಕಷ್ಟವೇ.

ಈ ಭಯ ವಾಟ್ಸಾಪಿನದ್ದು ಮಾತ್ರ ಅಲ್ಲ. 2023ರ ಡಿಸೆಂಬರ್‌ನಲ್ಲಿ ಆಗಿನ ಕೇಂದ್ರ ಸಚಿವೆ ಸ್ಮೃತಿ ಇರಾನಿ ರಾಜ್ಯಸಭೆಯಲ್ಲಿ, ಮುಟ್ಟು ಅಂಗವೈಕಲ್ಯ ಅಲ್ಲ, ಅದಕ್ಕೆ ಪ್ರತ್ಯೇಕ ರಜೆ ಬೇಡ ಎಂಬರ್ಥದ ಮಾತಾಡಿದ್ದರು. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೂಡ, ಇಂಥ ರಜೆ ಕಡ್ಡಾಯ ಮಾಡಿದರೆ ಕಂಪನಿಗಳು ಹೆಂಗಸರನ್ನು ಕೆಲಸಕ್ಕೆ ತಗೊಳ್ಳೋಕೇ ಹಿಂಜರಿಯಬಹುದು ಅಂದಿತ್ತು. ಜಪಾನ್ ಈ ರಜೆಯನ್ನು 1947ರಲ್ಲೇ ಕಾನೂನು ಮಾಡಿದೆ. ಬಿಹಾರ ಸರ್ಕಾರ ತನ್ನ ನೌಕರರಿಗೆ 1992ರಿಂದ ತಿಂಗಳಿಗೆ ಎರಡು ದಿನ ಕೊಡ್ತಾ ಬಂದಿದೆ. ಹಾಗಾಗಿ ನಾವೇನೂ ಕಾಣದ ದಾರಿ ತುಳೀತಿಲ್ಲ.

ಆದರೆ ಈ ಜಗಳವೇ ತಪ್ಪು ಜಾಗದಿಂದ ಶುರುವಾಗುತ್ತೆ ಅಂತ ನನ್ನ ಅನಿಸಿಕೆ. ಹೆಣ್ಣು ಗಟ್ಟಿಯೋ ಮೆತ್ತಗೋ ಅಂತ ಕೇಳಿದರೆ ಉತ್ತರ ಯಾವತ್ತೂ ಜಗಳವೇ. ಎಂಟು ಗಂಟೆ ಪಾಳಿ, ಇಷ್ಟು ಹೊತ್ತು ನಿಲ್ಲೋದು, ಇಷ್ಟು ಹೊತ್ತಿಗೊಮ್ಮೆ ಏಳೋದು ಅಂತ ಕೆಲಸವನ್ನು ಅಳೆದವರು ಯಾವುದೋ ಒಂದು ದೇಹವನ್ನು ಮನಸ್ಸಿನಲ್ಲಿಟ್ಟುಕೊಂಡೇ ಅಳೆದಿದ್ದಾರೆ. ಆ ದೇಹಕ್ಕೆ ಮುಟ್ಟಿಲ್ಲ, ಬಸುರಿಲ್ಲ, ಎದೆಹಾಲಿಲ್ಲ. ಮುಟ್ಟು ನಿಲ್ಲೋ ಕಾಲದಲ್ಲಿ ನಡುರಾತ್ರಿ ಬೆವತು ಎದ್ದು ಕೂರೋದೂ ಇಲ್ಲ. ಅದನ್ನೇ ಮಾಮೂಲು ಅಂದುಕೊಂಡಾಗ ಮಿಕ್ಕವರಿಗೆ ಕೊಡೋದೆಲ್ಲ ರಿಯಾಯಿತಿ ಥರ ಕಾಣುತ್ತೆ. ನಾನು ಸಂಬಳದ ಲೆಕ್ಕ ನೋಡುವ ವಿಭಾಗದವಳು, ನನಗೆ ಇದು ಲೆಕ್ಕದ ಪ್ರಶ್ನೆಯಾಗಿಯೇ ಕಾಣೋದು. ದೇಹ ಅಂದಮೇಲೆ ಅದರ ಖರ್ಚು ಇದ್ದೇ ಇರುತ್ತೆ. ಆ ಖರ್ಚು ಯಾರ ಖಾತೆಗೆ ಹೋಗಬೇಕು?

ಈ ಪ್ರಶ್ನೆಗೆ ನಾನು ಕೇಳಿದ ಒಳ್ಳೆಯ ಉತ್ತರ ಸಿರುಗುಪ್ಪದ ಕಡೆಯದ್ದು. ನಾನು ಕುರುಗೋಡಿನಲ್ಲಿ ಹುಟ್ಟಿದವಳು. ನನ್ನ ಚಿಕ್ಕವ್ವನನ್ನು ಕೊಟ್ಟಿದ್ದು ಸಿರುಗುಪ್ಪ ತಾಲ್ಲೂಕಿನ ಒಂದು ಹಳ್ಳಿಗೆ. ತುಂಗಭದ್ರಾ ಕಾಲುವೆ ನೀರು, ಕಣ್ಣು ಹಾಯಿಸಿದಷ್ಟು ಭತ್ತ. ಬೆಂಗಳೂರಿನಲ್ಲಿ ನಾವು ಚೀಲಗಟ್ಟಲೆ ತರುವ ಸೋನಾ ಮಸೂರಿ ಆ ಕಡೆಯ ಗದ್ದೆಗಳಿಂದಲೂ ಬರುತ್ತೆ. ಚಿಕ್ಕವ್ವ ನಾಟಿ ಹಚ್ಚೋ ಗುಂಪಿನವಳು. ಹನ್ನೆರಡು ಜನ ಹೆಂಗಸರು ಸೇರಿ ಎಕರೆಗೆ ಇಷ್ಟು ಅಂತ ಗುತ್ತಿಗೆ ಹಿಡೀತಾರೆ. ಬೆಳಿಗ್ಗೆಯಿಂದ ಸಂಜೆವರೆಗೆ ಮೊಣಕಾಲುದ್ದ ಕೆಸರಲ್ಲಿ ಬೆನ್ನು ಬಗ್ಗಿಸಿ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡ್ತಾ ಹಚ್ಚೋದು. ಬಂದ ದುಡ್ಡನ್ನು ಸಮ ಪಾಲು ಮಾಡ್ಕೊಳ್ಳೋದು.

ಇಲ್ಲಿ ಮೈಲಿಗೆಯ ಮಾತು ಒಂದಿಷ್ಟು ಹೇಳಲೇಬೇಕು. ಹನ್ನೆರಡನೇ ಶತಮಾನದಲ್ಲೇ ಶರಣರು ಪಂಚಸೂತಕಗಳನ್ನು ತಳ್ಳಿಹಾಕಿದರು, ಅದರಲ್ಲಿ ಮುಟ್ಟಿನ ಸೂತಕವೂ ಒಂದು. ಆದರೂ ನಮ್ಮ ಮನೆಗಳಲ್ಲಿ ಆ ದಿನಗಳಲ್ಲಿ ದೇವರ ಜಗಲಿ ಮುಟ್ಟಂಗಿಲ್ಲ, ಅಡುಗೆ ಮಾಡಂಗಿಲ್ಲ, ಉಪ್ಪಿನಕಾಯಿ ಭರಣಿ ಕಡೆ ನೋಡಂಗಿಲ್ಲ. ‘ಹಳೇ ಕಾಲದಲ್ಲಿ ಹೆಂಗಸರಿಗೆ ವಿಶ್ರಾಂತಿ ಸಿಗ್ಲಿ ಅಂತಲೇ ಇದನ್ನ ಮಾಡಿದ್ದು’ ಅಂತ ಈಗ ಕೆಲವರು ಬಹಳ ನಯವಾಗಿ ವಿವರಿಸ್ತಾರೆ. ಚಿಕ್ಕವ್ವನ ಮನೆಯಲ್ಲಿ ನಾನು ಕಂಡಿದ್ದು ಬೇರೆ. ಜಗಲಿಗೆ ಮೈಲಿಗೆಯಾದವಳು ಗದ್ದೆಗೆ ಮೈಲಿಗೆ ಆಗ್ತಿರಲಿಲ್ಲ. ಅವಳ ಕೈಯ ನೀರು ದೇವರಿಗೆ ಬೇಡ, ಅವಳ ಕೈಯ ಸಸಿ ಸಾಹುಕಾರನಿಗೆ ಬೇಕು. ಪೂಜೆ ಬಂದಾಗ ಎಲ್ಲರಿಗೂ ಕಾಣುವ ಅವಳ ದೇಹ, ಕೂಲಿ ಬಂದಾಗ ಯಾರಿಗೂ ಕಾಣಲ್ಲ. ವಿಶ್ರಾಂತಿಯ ಕತೆ ಹೇಳುವವರು ಇದನ್ನೂ ಸ್ವಲ್ಪ ವಿವರಿಸಿದರೆ ಒಳ್ಳೇದು.

ಕಾಣಿಸಿದ್ದು ಗುಂಪಿನವರಿಗೆ. ನಾಟಿ ದಿನ ಯಾರಿಗಾದರೂ ಆಗ್ತಿಲ್ಲ ಅಂದರೆ, ‘ಇವತ್ತು ನೀನು ಬದುವಿನ ಮ್ಯಾಲಿರು’ ಅಂತಾರೆ. ಬದುವಿನ ಮೇಲಿರೋದು ಅಂದರೆ ಸುಮ್ಮನೆ ಕೂರೋದಲ್ಲ. ಬುತ್ತಿ ಕಾಯಬೇಕು, ನೀರು ಕೊಡಬೇಕು, ಕೂಸುಗಳನ್ನ ನೋಡ್ಕೋಬೇಕು, ಬೇಕೆನಿಸಿದಾಗ ಬೇವಿನ ಗಿಡದ ನೆರಳಲ್ಲಿ ಅರ್ಧ ಗಂಟೆ ಅಡ್ಡಾಗಬಹುದು. ಸಂಜೆ ಪಾಲಿನಲ್ಲಿ ಒಂದು ರೂಪಾಯಿ ಕಡಿಮೆ ಮಾಡಲ್ಲ.

‘ಯಾಕೆ ಅಂತ ಕೇಳಲ್ವಾ ಚಿಕ್ಕವ್ವ?’ ಅಂದೆ ಒಮ್ಮೆ.

‘ಯಾಕ ಕೇಳಬೇಕವ್ವಾ? ಮಕ ನೋಡಿದ್ರ ಗೊತ್ತಾಗಲ್ಲೇನು? ಮುಟ್ಟೇ ಆಗಿರ್ಲಿ, ಜ್ವರಾನೇ ಆಗಿರ್ಲಿ, ರಾತ್ರಿ ಗಂಡ ಹೊಡದಿದ್ರೂ ಇರ್ಲಿ. ಹೇಳಿಸಿ ಏನ್ ಮಾಡಾದೈತಿ?’

‘ಸುಳ್ಳು ಹೇಳಿ ಕೂತ್ರೆ?’

‘ಕುಂದ್ರಲಿ. ನಾಳೆ ನಾನೂ ಕುಂದ್ರಾಕಿನೇ.’

ಈ ಮಾತಿನಲ್ಲಿ ಮೂರು ನಿಯಮ ಇವೆ ಅಂತ ನನಗೆ ಹೊಳೆದಿದ್ದು ಎಷ್ಟೋ ದಿನದ ಮೇಲೆ. ಬಾಯಿಬಿಟ್ಟು ಹೇಳು ಅನ್ನಲ್ಲ. ಪಾಲು ಕಡಿಯಲ್ಲ. ಒಬ್ಬಳ ಭಾರವನ್ನು ಹನ್ನೊಂದು ಜನ ಹೊರ್ತಾರೆ, ಸರದಿ ಮೇಲೆ ಎಲ್ಲರಿಗೂ ಬರುತ್ತೆ ಅಂತ ಗೊತ್ತಿದ್ದೇ ಹೊರ್ತಾರೆ. ಮೇಲ್ವಿಚಾರಕ ಇಲ್ಲ, ವೈದ್ಯರ ಚೀಟಿ ಇಲ್ಲ.

ಹಾಗಂತ ಗದ್ದೆಯನ್ನು ಸ್ವರ್ಗ ಮಾಡೋಕೆ ನನಗೆ ಮನಸ್ಸಿಲ್ಲ. ಈ ವ್ಯವಸ್ಥೆಯಲ್ಲಿ ಬಡವರ ಖರ್ಚನ್ನು ಬಡವರೇ ಹಂಚಿಕೊಳ್ಳುತ್ತಿದ್ದಾರೆ. ಎಕರೆಯ ದರ ಮಾತಾಡುವ ಜಮೀನಿನವರ ಲೆಕ್ಕದಲ್ಲಿ ಬದುವಿನ ಮೇಲೆ ಕೂತವಳು ಇಲ್ಲವೇ ಇಲ್ಲ. ರೈಸ್ ಮಿಲ್ಲಿನವರಿಗೂ ಅವಳಿಲ್ಲ, ಅನ್ನ ಉಣ್ಣುವ ನನಗೂ ಇಲ್ಲ.

ಬಳ್ಳಾರಿ ಸಿಟಿಯಲ್ಲಿ ಈ ಹನ್ನೆರಡು ಜನರ ಗುಂಪೂ ಇಲ್ಲ. ನನ್ನ ಅಣ್ಣನ ಹೆಂಡತಿ, ಅಂದರೆ ಅತ್ತಿಗೆ, ಕೌಲ್ ಬಜಾರ್ ಕಡೆ ಒಂದು ಜೀನ್ಸ್ ಶೆಡ್ಡಿನಲ್ಲಿ ಹೊಲಿಗೆಗೆ ಹೋಗ್ತಿದ್ದಳು. ಪೀಸ್ ರೇಟು. ಬಂಡಲ್ ಮುಗಿದಷ್ಟೇ ದುಡ್ಡು. ಎದ್ದು ಬಚ್ಚಲಿಗೆ ಹೋಗಿ ಬರೋದು ಅಂದರೆ ಅಷ್ಟು ಪೀಸು ಕೈಬಿಟ್ಟಂಗೆ, ಅದಕ್ಕೆ ನೀರೇ ಕುಡೀತಿರಲಿಲ್ಲ. ಬಳ್ಳಾರಿಯಲ್ಲಿ ಇರೋದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅಂತ ನಾವು ತಮಾಷೆ ಮಾಡ್ತೀವಿ. ಆ ಬೇಸಿಗೆಯಲ್ಲಿ ತಗಡಿನ ಕೆಳಗೆ ನೀರು ಕುಡಿಯದೆ ಹೊಲಿದವಳಿಗೆ ಉರಿಮೂತ್ರ ಬರದೆ ಇನ್ನೇನು ಬರುತ್ತೆ? ಎರಡನೇ ಮಗು ಆದ ಮೇಲೆ ಶೆಡ್ಡು ಬಿಟ್ಟು, ಹೊಲಿದ ಪ್ಯಾಂಟುಗಳನ್ನು ಮನೆಗೇ ತರಿಸಿಕೊಂಡು ದಾರ ಕತ್ತರಿಸ್ತಾಳೆ. ಅವಳ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇಲ್ಲ. ಅವಳಿಗೆ ರಜೆ ಯಾರೂ ನಿರಾಕರಿಸಿಲ್ಲ ಅನ್ನೋದೂ ನಿಜ. ಎಷ್ಟು ದಿನ ಬೇಕಾದರೂ ತಗೋಬಹುದು, ದುಡ್ಡಿಲ್ಲ ಅಷ್ಟೇ.

ಇದು ಎಲ್ಲಿಗೆ ಹೋಗಿ ಮುಟ್ಟಬಹುದು ಅನ್ನೋದಕ್ಕೆ ಪಕ್ಕದ ಮಹಾರಾಷ್ಟ್ರದ ಬೀಡ್ ಜಿಲ್ಲೆ ಇದೆ. ಅಲ್ಲಿಯ ಕಬ್ಬು ಕಡಿಯುವವರು ನಮ್ಮ ಬೆಳಗಾವಿ, ಬಾಗಲಕೋಟೆ ಕಡೆಗೂ ಬರ್ತಾರೆ. ಗಂಡ ಹೆಂಡತಿ ಜೋಡಿಯಾಗಿ ಮುಂಗಡ ತಗೊಂಡಿರ್ತಾರೆ, ಒಂದು ದಿನ ತಪ್ಪಿದರೆ ಮುಕಾದಮ ದಂಡ ಹಿಡೀತಾನೆ. 2019ರಲ್ಲಿ ಸರ್ಕಾರಿ ಸಮಿತಿ ವಿಚಾರಿಸಿದಾಗ, ಸುಮಾರು 82 ಸಾವಿರ ಹೆಂಗಸರಲ್ಲಿ 13 ಸಾವಿರಕ್ಕೂ ಹೆಚ್ಚು ಜನ ಗರ್ಭಕೋಶ ತೆಗೆಸಿಕೊಂಡಿದ್ದರು. ಕಾರಣಗಳು ಹಲವು, ಆಸ್ಪತ್ರೆಗಳ ದುರಾಸೆಯೂ ಸೇರಿ. ಆದರೆ ಕೆಲಸಕ್ಕೆ ತಕ್ಕಂತೆ ದೇಹವನ್ನೇ ಕತ್ತರಿಸಿ ಹೊಂದಿಸಿಕೊಳ್ಳೋದು ಅಂದರೆ ಇದೇ ತಾನೆ?

ಈಗ ನಮ್ಮ ರಾಜ್ಯದ ಆದೇಶಕ್ಕೆ ಬರೋಣ. ನವೆಂಬರ್‌ನಲ್ಲಿ ಹೊರಬಿದ್ದ ಆದೇಶ 18ರಿಂದ 52 ವಯಸ್ಸಿನವರಿಗೆ ಅನ್ವಯ. ವೈದ್ಯರ ಸರ್ಟಿಫಿಕೇಟ್ ಕೇಳಂಗಿಲ್ಲ ಅಂದಿದೆ, ಅದು ನಿಜಕ್ಕೂ ದೊಡ್ಡ ಮಾತು. ಡಿಸೆಂಬರ್‌ನಲ್ಲಿ ಹೋಟೆಲ್ ಮಾಲೀಕರ ಸಂಘ ಹೈಕೋರ್ಟಿಗೆ ಹೋಯ್ತು. ಕೋರ್ಟು ಒಂದು ಬೆಳಿಗ್ಗೆ ತಡೆ ಕೊಟ್ಟು, ಅದೇ ದಿನ ಅದನ್ನು ವಾಪಸ್ ತಗೊಂಡಿತು. ಕಾರ್ಖಾನೆ, ಅಂಗಡಿ ಮತ್ತು ವಾಣಿಜ್ಯ ಸಂಸ್ಥೆ, ತೋಟ, ಬೀಡಿ, ಮೋಟಾರು ಸಾರಿಗೆ ಹೀಗೆ ಐದು ಕಾಯ್ದೆಗಳ ಕೆಳಗೆ ಬರುವ ಕೆಲಸಗಾರರಿಗೆ ಈ ರಜೆ. ಅಂದರೆ ನನಗೆ ಸಿಗುತ್ತೆ. ಚಿಕ್ಕವ್ವನ ಗುಂಪಿಗೆ, ಕುರುಗೋಡಿನಲ್ಲಿ ಮೆಣಸಿನಕಾಯಿ ಬಿಡಿಸೋ ಹೆಂಗಸರಿಗೆ, ದಾರ ಕತ್ತರಿಸುವ ಅತ್ತಿಗೆಗೆ ಇಲ್ಲ. ಎಸಿ ಇರೋ ಕಡೆ, ಬಿಸಿನೀರಿನ ಬ್ಯಾಗ್ ಇರೋ ಕಡೆ, ಮನೆಯಿಂದಲೇ ಕೆಲಸ ಮಾಡ್ತೀನಿ ಅಂದರೆ ಹೂಂ ಅನ್ನೋ ಕಡೆ ಹಕ್ಕು ಮೊದಲು ಬಂತು. ಹಾಗಾದ್ರೆ ನಮಗೂ ಬೇಡ ಅನ್ನಬೇಕಾ? ಖಂಡಿತ ಇಲ್ಲ. ನನಗೆ ಬಂದದ್ದನ್ನು ಬಿಟ್ಟುಕೊಟ್ಟರೆ ಅತ್ತಿಗೆಗೆ ಬರಲ್ಲ.

ಆದರೆ ಖರ್ಚು ಯಾರದ್ದು ಅನ್ನೋ ಪ್ರಶ್ನೆ ಇಲ್ಲೇ ಗಟ್ಟಿಯಾಗಿ ಕೇಳಬೇಕು. ಹೆಂಗಸನ್ನು ಕೆಲಸಕ್ಕೆ ಇಟ್ಟುಕೊಂಡ ಮಾಲೀಕನೊಬ್ಬನೇ ಪೂರ್ತಿ ಖರ್ಚು ಹೊರಬೇಕು ಅಂದಾಗ, ಸುಪ್ರೀಂ ಕೋರ್ಟ್ ಹೇಳಿದ ಭಯ ನಿಜವಾಗುತ್ತೆ. ಹೆರಿಗೆ ರಜೆ 2017ರಲ್ಲಿ 26 ವಾರ ಆದಾಗಿನಿಂದ, ಹೊಸದಾಗಿ ಮದುವೆಯಾದ ಹುಡುಗಿಯ ಸಂದರ್ಶನದಲ್ಲಿ ಎಂಥೆಂಥ ಸುತ್ತುಬಳಸಿನ ಪ್ರಶ್ನೆ ಬರುತ್ತವೆ ಅಂತ ಓದುತ್ತಿರುವ ನಿಮ್ಮಲ್ಲಿ ಅರ್ಧ ಜನಕ್ಕೆ ಗೊತ್ತು. ಇದಕ್ಕೆ ಮದ್ದು ನಮ್ಮಲ್ಲೇ ಇದೆ, 1948ರಿಂದ. ಇಎಸ್‌ಐ. ಮಾಲೀಕ ಸಂಬಳದ ಶೇ. 3.25, ಕೆಲಸಗಾರ ಶೇ. 0.75 ಕಟ್ಟಬೇಕು, ಗಂಡಸಿನ ಸಂಬಳದ ಮೇಲೂ ಅಷ್ಟೇ. ಆ ಗಂಟಿನಿಂದ ಬಾಣಂತಿಗೆ ದುಡ್ಡು ಹೋಗುತ್ತೆ. ಹೆಂಗಸರನ್ನು ಇಟ್ಟುಕೊಳ್ಳದ ಮಾಲೀಕನೂ ಕಟ್ಟಿರ್ತಾನೆ, ಆದ್ದರಿಂದ ಇಟ್ಟುಕೊಂಡವನಿಗೆ ನಷ್ಟ ಇಲ್ಲ. ಚಿಕ್ಕವ್ವನ ಲೆಕ್ಕವೇ ಇದು, ಹನ್ನೆರಡು ಜನರ ಬದಲು ಕೋಟಿಗಟ್ಟಲೆ ಜನ. ಹಾಜರಿ ಪುಸ್ತಕವೇ ಇಲ್ಲದವರಿಗೂ ಇದನ್ನು ಮಾಡಬಹುದು. ಕಟ್ಟಡ ಕಾರ್ಮಿಕರಿಗೆ ಕಟ್ಟಡದ ವೆಚ್ಚದ ಮೇಲೆ ಶೇ. 1ರ ಸೆಸ್ ತೆಗೆದು ಮಂಡಳಿ ನಡೆಸ್ತಿಲ್ವಾ? ಜೀನ್ಸಿನ ಮೇಲೆ, ಅಕ್ಕಿ ಚೀಲದ ಮೇಲೆ ಯಾಕಾಗಬಾರದು? ಬೆಲೆ ಏರುತ್ತೆ ಅಂತೀರಾ? ಏರಲಿ. ಈಗಲೂ ಆ ಬೆಲೆಯನ್ನು ಯಾರೋ ಕೊಡ್ತಿದ್ದಾರೆ, ನಮ್ಮ ಬಿಲ್ಲಿನಲ್ಲಿ ಕಾಣ್ತಿಲ್ಲ ಅಷ್ಟೇ.

ನಮ್ಮ ಆಫೀಸಿನ ವಿಷಯ ಹೇಳೋದಾದ್ರೆ, ರಜೆ ಕೇಳುವ ಆ್ಯಪ್‌ನಲ್ಲಿ ಹೊಸ ಸಾಲು ಬಂತು. ಅದನ್ನು ಒತ್ತಿದರೆ ಮ್ಯಾನೇಜರ್‌ಗೆ ಸಂದೇಶ, ಇಡೀ ತಂಡದ ಕ್ಯಾಲೆಂಡರಿನಲ್ಲಿ ಗುಲಾಬಿ ಬಣ್ಣದ ಗುರುತು. ಗುಲಾಬಿಯೇ ಯಾಕೆ ಅಂತ ಯಾರನ್ನು ಕೇಳೋದು? ಮೊದಲ ಎರಡು ತಿಂಗಳು ಆ ಬಣ್ಣ ಎಲ್ಲೂ ಕಾಣಲಿಲ್ಲ. ‘ನೋಡಿ, ಯಾರಿಗೂ ಬೇಕಾಗಿಲ್ಲ’ ಅಂದರು ಮೀಟಿಂಗಿನಲ್ಲಿ. ಗುರುತು ತೆಗೆದು, ‘ರಜೆ’ ಅಂತಷ್ಟೇ ತೋರಿಸಿ, ಲೆಕ್ಕ ನಮ್ಮ ವಿಭಾಗದಲ್ಲಿ ಮಾತ್ರ ಇರಲಿ ಅಂತ ನಾವು ಮೂವರು ಬರೆದುಕೊಟ್ಟೆವು. ಮೂರನೇ ತಿಂಗಳಿಂದ ಜನ ತಗೊಳ್ತಿದ್ದಾರೆ. ಸಂಖ್ಯೆ ನಾನು ಹೇಳಲ್ಲ.

ಈ ಕತೆಯನ್ನು ಊರಿಗೆ ಹೋದಾಗ ಚಿಕ್ಕವ್ವನಿಗೆ ಹೇಳಿದೆ. ಸಂಬಳ ಕೊಟ್ಟು ರಜೆ ಕೊಡ್ತಾರೆ ಅನ್ನೋದನ್ನ ಎರಡೆರಡು ಸಲ ಕೇಳಿ ಖಾತ್ರಿ ಮಾಡ್ಕೊಂಡಳು. ಆಮೇಲೆ ಗುಂಪಿನಲ್ಲಿ ಅದೇನು ಮಾತಾಯ್ತೋ, ಮುಂದಿನ ನಾಟಿಗೆ ದರ ಮಾತಾಡೋಕೆ ಹೋದಾಗ ಹನ್ನೆರಡರ ಜೊತೆ ಇನ್ನೊಂದು ಪಾಲು ಸೇರಿಸಿ ಕೇಳಿದ್ದಾರೆ, ‘ಬದುವಿನ ಆಳಿಂದು’ ಅಂತ. ಜಮೀನಿನವರು ನಕ್ಕರಂತೆ. ನಕ್ಕರೂ ಆಗಲ್ಲ ಅಂದಿಲ್ಲ, ಕಾಲುವೆಗೆ ನೀರು ಬಿಡ್ಲಿ ನೋಡೋಣ ಅಂದಿದ್ದಾರಂತೆ.