ಎದುರಿಗೆ ಬರುವವನ ಕಣ್ಣು

ಮೋಟಾರು ಗಾಡಿಯ ಮುಂದುಗಡೆಯಲ್ಲಿ ಇಲ್ಲವೆ ಮಾಡಿನ ಮೇಲೆ ಎಲ್.ಇ.ಡಿ. ದೀಪಗಳ ಉದ್ದನೆಯ ಪಟ್ಟಿಯನ್ನು ಕೂಡಿಸುವ ಅಭ್ಯಾಸವು ಈಗ ಹಳ್ಳಿಗಳ ತನಕ ಬಂದಿದೆ. ತೋಟದ ದಾರಿಯಲ್ಲಿಯೂ ಕಾಡಿನ ದಾರಿಯಲ್ಲಿಯೂ ಗಾಡಿಯ ಸ್ವಂತ ದೀಪಗಳು ಸಾಲದೆ ಹೋಗುವದುಂಟು. ಆದಕಾರಣ ಕೈಕೆಲಸ ಬಲ್ಲ ಯೌವನಸ್ಥರು ಅಂಥ ಪಟ್ಟಿಯನ್ನು ತಾವೇ ಕಟ್ಟಿಕೊಳ್ಳುತ್ತಾರೆ. ಈ ಕೆಲಸವು ನಿಂದ್ಯವಲ್ಲ. ಆದರೆ ಅದರಲ್ಲಿ ಆಲೋಚಿಸತಕ್ಕ ಪ್ರಶ್ನೆಯೊಂದುಂಟು: ನನ್ನ ಹಣದಿಂದ, ನನ್ನ ಕೈಯಿಂದ, ನನ್ನ ಗಾಡಿಗೆ ಮಾಡಿದ ಬೆಳಕು ನನ್ನದು ಮಾತ್ರವೋ?

ನೀಲಿ ಬೆಳಕಿನ ಎಲ್.ಇ.ಡಿ.ಯನ್ನು ಸಾಧಿಸಿದ ಅಕಸಾಕಿ, ಅಮಾನೊ, ನಾಕಮುರ ಎಂಬ ಮೂವರಿಗೆ ೨೦೧೪ರಲ್ಲಿ ನೊಬೆಲ್ ಬಹುಮಾನವು ದೊರೆಯಿತು. ಆ ಸಾಧನೆಯಿಂದಲೇ ಸ್ವಲ್ಪ ವಿದ್ಯುತ್ತಿನಿಂದ ಬಹಳ ಬಿಳಿ ಬೆಳಕನ್ನು ಪಡೆಯುವದು ಸಾಧ್ಯವಾಯಿತು. ಆದರೂ ೧೨೦ ವಾಟ್ ಪಟ್ಟಿಯೊಂದು ೧೨ ವೋಲ್ಟ್ ಬ್ಯಾಟರಿಯಿಂದ ೧೦ ಆಂಪಿಯರ್ ವಿದ್ಯುತ್ತನ್ನು ಎಳೆಯುವದು. ಅದು ಚಿಕ್ಕ ಸ್ವಿಚ್ಚಿನ ಮೂಲಕ ಹರಿದರೆ ಸ್ವಿಚ್ಚು ಸುಟ್ಟುಹೋದೀತು. ಆದದರಿಂದ ಬುದ್ಧಿವಂತನು ನಡುವೆ ರಿಲೇಯನ್ನಿಟ್ಟು, ಬ್ಯಾಟರಿಯ ಹತ್ತಿರವೇ ಫ್ಯೂಸನ್ನು ಹಾಕುತ್ತಾನೆ. ಫ್ಯೂಸ್ ಎಂದರೇನು? ಇನ್ನೂ ಬಾರದ ಕೇಡನ್ನು ಈಗಲೇ ನೆನಸಿ ಮಾಡಿದ ಏರ್ಪಾಡು. ತನ್ನ ಗಾಡಿಗೋಸ್ಕರ ಇಷ್ಟು ಮುಂದಾಲೋಚಿಸುವವನು ಎದುರಿಗೆ ಬರುವವನಿಗೋಸ್ಕರವೂ ಆಲೋಚಿಸಬೇಡವೇ?

ಆ ಮನುಷ್ಯನ ಸ್ಥಿತಿಯನ್ನು ನೋಡಿರಿ. ಕತ್ತಲೆಗೆ ಹೊಂದಿಕೊಂಡ ಕಣ್ಣಿಗೆ ಪ್ರಖರವಾದ ಬೆಳಕು ತಾಕಿದೊಡನೆ ಅವನಿಗೆ ದಾರಿಯೇ ಕಾಣದು. ಗಂಟೆಗೆ ೬೦ ಕಿಲೋಮೀಟರು ವೇಗದಲ್ಲಿ ಹೋಗುವವನು ಮೂರು ಸೆಕೆಂಡು ಕುರುಡನಾದರೆ ೫೦ ಮೀಟರು ದೂರವನ್ನು ನೋಡದೆಯೇ ದಾಟುವನು. ಆ ೫೦ ಮೀಟರಿನೊಳಗೆ ಎತ್ತಿನ ಗಾಡಿಯಿರಬಹುದು. ಕೂಲಿಯಿಂದ ಮರಳುವ ಹೆಂಗಸರಿರಬಹುದು. ದೀಪವು ನನ್ನದಾದರೂ ಅದರ ಬೆಳಕಿಗೆ ನನ್ನ ಬೇಲಿ ಗೊತ್ತಿಲ್ಲ.

‘ಯಾರಾದರೂ ಬಂದರೆ ನಾನೇ ಆರಿಸುವೆನಲ್ಲಾ’ ಎಂದು ಒಬ್ಬನು ಹೇಳಾನು. ಆದರೆ ತಿರುವಿನಲ್ಲಿ ಅವಕಾಶ ಸಿಕ್ಕದು, ದಣಿದವನಿಗೆ ನೆನಪಾಗದು, ಎದುರಿನವನು ತನ್ನ ದೀಪವನ್ನು ತಗ್ಗಿಸದಿದ್ದರೆ ಸಿಟ್ಟು ಅಡ್ಡ ಬರುವದು. ಆದಕಾರಣ ಒಳ್ಳೇದನ್ನು ಆ ಗಳಿಗೆಯ ಮನಸ್ಸಿಗೆ ಬಿಡಬಾರದು; ಗಾಡಿ ನಿಂತಿರುವಾಗ, ತಂತಿಯನ್ನು ಕೂಡಿಸುವಾಗಲೇ ತೀರ್ಮಾನಿಸಬೇಕು. ರಿಲೇಯನ್ನು ಹೈಬೀಮಿನ ತಂತಿಗೆ ಜೋಡಿಸಿದರೆ, ಡಿಪ್ ಮಾಡಿದ ಕ್ಷಣವೇ ಪಟ್ಟಿಯೂ ತಾನಾಗಿ ಆರುವದು. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳು ಮುಂದಿನ ದೀಪದ ಬೆಳಕು ಎದುರಿನವನ ಕಣ್ಣು ಕೋರೈಸದಂತೆ ಕೆಳಮುಖವಾಗಿರಬೇಕೆನ್ನುತ್ತವೆ. ಆದದರಿಂದ ಮಾಡಿನ ಪಟ್ಟಿಯನ್ನು ಸಾರ್ವಜನಿಕ ರಸ್ತೆಯಲ್ಲಿ ಮುಚ್ಚಿಟ್ಟು, ತೋಟದೊಳಗಣ ಸ್ವಂತ ದಾರಿಯಲ್ಲಿ ಮಾತ್ರ ಉರಿಸುವದು ಯುಕ್ತ.

ತಂತಿಯು ಮಾಡಿದ ಉಪಕಾರದಲ್ಲಿ ಮನುಷ್ಯನ ಸದ್ಗುಣವೆಲ್ಲಿ ಎಂದು ಕೆಲವರು ಕೇಳಬಹುದು. ತಂತಿಯು ತಾನಾಗಿ ಅಲ್ಲಿಗೆ ಬರಲಿಲ್ಲ. ತನ್ನ ಬಲಹೀನತೆಯನ್ನು ಅರಿತ ಮನಸ್ಸೊಂದು ಅದನ್ನು ಅಲ್ಲಿಗೆ ತಂದಿತು. ಕಾಣದ ಮನುಷ್ಯನನ್ನು ನೆನಸಿ, ಅವನು ಬರುವದಕ್ಕೆ ಮುಂಚೆಯೇ ಅವನಿಗೆ ದಾರಿ ಬಿಟ್ಟುಕೊಡುವದೂ ಸದ್ಗುಣವೇ. ಹೀಗಿರಲಾಗಿ ದೀಪವನ್ನು ಕಟ್ಟುವವರೇ, ಕಟ್ಟಿರಿ. ಆದರೆ ಅದನ್ನು ಹೊತ್ತಿಸುವ ತಂತಿಗಿಂತ ಮುಂಚೆ ಆರಿಸುವ ತಂತಿಯನ್ನು ಯೋಚಿಸಿರಿ.