ಹಾಡಿನಲ್ಲಿ ಉಳಿದ ನುಡಿ

ಒಂದು ನುಡಿಯನ್ನು ಉಳಿಸತಕ್ಕವರು ಯಾರು? ವ್ಯಾಕರಣವನ್ನು ಬರೆದಿಡುವ ಪಂಡಿತರೆ, ಕಾಯಿದೆಯನ್ನು ಮಾಡುವ ಸರಕಾರವೆ, ಅಥವಾ ಸಂಜೆಯ ಹೊತ್ತು ಗಿಟಾರು ಹಿಡಿದು ಹಾಡುವ ಸಾಮಾನ್ಯ ಜನರೆ? ಶಾಂತಸಾಗರದ ಪಶ್ಚಿಮಭಾಗದಲ್ಲಿರುವ ಮಾರಿಯಾನಾ ದ್ವೀಪಗಳ ಚಮೋರೊ ಜನರ ಚರಿತ್ರೆಯು ಈ ವಿಚಾರಕ್ಕೆ ತಕ್ಕ ನಿದರ್ಶನವಾಗಿದೆ.

1668ರಲ್ಲಿ ಸ್ಪೇನಿನ ಪಾದ್ರಿಗಳು ಆ ದ್ವೀಪಗಳಲ್ಲೊಂದಾದ ಗುವಾಮಿನಲ್ಲಿ ನೆಲಸಿದರು. ಅನಂತರದ ಯುದ್ಧಗಳಿಂದಲೂ ರೋಗಗಳಿಂದಲೂ ಮೂಲನಿವಾಸಿಗಳು ಕೆಲವೇ ಸಾವಿರಕ್ಕೆ ಇಳಿದರು; ಅವರ ನುಡಿಯೊಳಗೆ ಸ್ಪೇನಿನ ಶಬ್ದಗಳು ರಾಶಿರಾಶಿಯಾಗಿ ಸೇರಿದುವು. ಆದರೂ ನುಡಿಯು ಅಳಿಯಲಿಲ್ಲ. 1898ರಲ್ಲಿ ಗುವಾಮ್ ಅಮೆರಿಕದ ವಶವಾಯಿತು. 1917ರಲ್ಲಿ ಅಲ್ಲಿನ ನೌಕಾಡಳಿತವು ಇಂಗ್ಲಿಷೊಂದೇ ಅಧಿಕೃತ ಭಾಷೆಯೆಂದು ಆಜ್ಞೆ ಹೊರಡಿಸಿತು. ಶಾಲೆಯಲ್ಲಿ ತಾಯ್ನುಡಿಯನ್ನಾಡಿದ ಮಕ್ಕಳಿಗೆ ಶಿಕ್ಷೆಯಾಗುತ್ತಿತ್ತು. ಆ ಮಕ್ಕಳೇ ಬೆಳೆದು ತಂದೆತಾಯಿಗಳಾದಾಗ, ಎರಡನೆಯ ಮಹಾಯುದ್ಧದ ತರುವಾಯ, ತಮ್ಮ ಮಕ್ಕಳಿಗೆ ಆ ಕಷ್ಟವು ಬೇಡವೆಂದು ಮನೆಯಲ್ಲಿಯೂ ಇಂಗ್ಲಿಷನ್ನೇ ಆಡತೊಡಗಿದರು. ಪರರ ಆಳಿಕೆಯು ಮಾಡಲಾರದುದನ್ನು ಹೆತ್ತವರ ವಾತ್ಸಲ್ಯವು ಮಾಡುವ ಕಾಲವು ಬಂದಿತು!

ಇಂತಹ ಹೊತ್ತಿನಲ್ಲಿ, 1968ರಲ್ಲಿ, ಜಾನಿ ಸಬ್ಲಾನ್ ಎಂಬ ಗಾಯಕರು ‘ದಲಾಯ್ ನೆನೆ’ ಎಂಬ ಧ್ವನಿಮುದ್ರಿಕೆಯನ್ನು ಹೊರತಂದರು. ಚಮೋರೊ ನುಡಿಯ ಹಾಡುಗಳ ಮೊದಲನೆಯ ಮುದ್ರಿಕೆಯೆಂದು ಅದು ಪ್ರಸಿದ್ಧವಾಗಿದೆ. ಬಳಿಕ ಫ್ಲೋರಾ ಬಾಸಾ ಕ್ವಾನ್, ಜೆ. ಡಿ. ಕ್ರಚ್ ಮೊದಲಾದವರು ಆ ದಾರಿಯಲ್ಲಿ ನಡೆದರು. 1974ರಲ್ಲಿ ಗುವಾಮಿನ ಕಾಯಿದೆಯು ಚಮೋರೊ ನುಡಿಗೆ ಅಧಿಕೃತ ಸ್ಥಾನವನ್ನು ಕೊಟ್ಟಿತು. ಶಾಲೆಯಲ್ಲಿ ನಾಚಿಕೆಗೆ ಕಾರಣವಾಗಿದ್ದ ನುಡಿಗೆ ಕಾಯಿದೆಯ ಮನ್ನಣೆ ಸಿಕ್ಕುವ ಮೊದಲೇ ಹಾಡಿನ ಮನ್ನಣೆ ಸಿಕ್ಕಿತ್ತು.

ಇಲ್ಲಿ ಒಂದು ಆಕ್ಷೇಪವು ಏಳುತ್ತದೆ. ಈ ಹಾಡುಗಳಲ್ಲಿ ಅನೇಕವುಗಳ ಧಾಟಿಯು ಅಮೆರಿಕದ್ದು, ವಾದ್ಯವೂ ಹೊರಗಿನದು. ಎರವಲು ಧಾಟಿಯಲ್ಲಿ ಸ್ವಂತ ಸಂಸ್ಕೃತಿಯು ಉಳಿದೀತೆ? ಈ ಆಕ್ಷೇಪದಲ್ಲಿ ಹುರುಳು ಕಡಿಮೆ. ಸ್ಪೇನಿನ ಶಬ್ದಗಳಿಗೆ ತನ್ನ ವ್ಯಾಕರಣದ ಪ್ರತ್ಯಯಗಳನ್ನು ಹಚ್ಚಿ ಅರಗಿಸಿಕೊಂಡ ನುಡಿಗೆ ಹೊರಗಿನ ಧಾಟಿಯು ಭಾರವೇನಲ್ಲ. ಕೊಡವು ಎರವಲಾದರೂ ನೀರು ತಮ್ಮ ಬಾವಿಯದೇ ಆಗಿರಬಹುದಷ್ಟೆ.

ಎರಡನೆಯ ಆಕ್ಷೇಪವು ಹೆಚ್ಚು ತೂಕದ್ದು. ಚಮೋರೊ ಜನರಲ್ಲಿ ‘ಕಂತಾನ್ ಚಮೊರಿಟಾ’ ಎಂಬ ಹಳೆಯ ಹಾಡುಗಾರಿಕೆಯುಂಟು. ಒಬ್ಬರು ಆಗಲೇ ಕಟ್ಟಿ ಒಂದು ಪದ್ಯವನ್ನು ಹಾಡಿದರೆ, ಇನ್ನೊಬ್ಬರು ಆ ಕ್ಷಣದಲ್ಲಿಯೇ ಪದ್ಯದಲ್ಲಿ ಉತ್ತರ ಕೊಡಬೇಕು. ಕೆಲಸದ ನಡುವೆ ಪರಿಹಾಸ, ಪ್ರಣಯ ಎಲ್ಲವೂ ಹೀಗೆ ಸವಾಲು ಜವಾಬುಗಳಾಗಿ ಹರಿಯುತ್ತಿದ್ದುವು. ಮುದ್ರಿಕೆಯಾದರೋ ಹಾಡುತ್ತದೆ, ಉತ್ತರವನ್ನು ಕಾಯುವುದಿಲ್ಲ. ನೂರು ಹಾಡುಗಳನ್ನು ಕಂಠಪಾಠ ಮಾಡಿದ ಬಾಲಕನು ಆ ನುಡಿಯಲ್ಲಿ ಅಜ್ಜಿಯನ್ನು ನೀರು ಕೇಳಲಾರದೆ ಹೋಗಬಹುದು. ಆಗ ನುಡಿಯು ಪೆಟ್ಟಿಗೆಯಲ್ಲಿಟ್ಟ ಒಡವೆಯಂತೆ ಸುರಕ್ಷಿತವಾಗಿದ್ದರೂ ಮೈಮೇಲೆ ಕಾಣದು.

ಆದಕಾರಣ ಹಾಡಿನ ಮೇಲೆ ಅದು ಹೊರಲಾರದ ಹೊರೆಯನ್ನು ಹೊರಿಸುವುದು ನ್ಯಾಯವಲ್ಲ. ಉಚ್ಚಾರಣೆಯನ್ನೂ ನೆನಪನ್ನೂ, ಎಲ್ಲಕ್ಕಿಂತ ಮಿಗಿಲಾಗಿ ಅಭಿಮಾನವನ್ನೂ ಹಾಡು ಉಳಿಸಿಕೊಟ್ಟಿತು. ಮಗುವಿನ ಹಿತವೆಂದು ಬಗೆದು ತಾಯ್ನುಡಿಯನ್ನು ಬಿಟ್ಟ ಮನೆಯು, ಅದೇ ಮಗುವಿನ ಹಿತಕ್ಕಾಗಿ ಅದನ್ನು ಮತ್ತೆ ಆಡಬೇಕು. ಗಾಯಕರು ಸವಾಲನ್ನು ಹಾಡಿಯಾಗಿದೆ. ಜವಾಬು ಕೊಡುವ ಹೊಣೆ ಕೇಳಿದವರದು.