ತಡವಾಗಿ ಸಂದ ಮಾನ

ದಂಡಿಗನಹಳ್ಳಿಯ ಕಡೆಯ ಒಂದು ಚಿಕ್ಕ ಸಭೆಯಲ್ಲಿ ಎಂಭತ್ತು ತುಂಬಿದ ಹಿರಿಯರೊಬ್ಬರಿದ್ದಾರೆ. ಯೌವನದಲ್ಲಿ, ದೃಢೀಕರಣದ ಪಾಠಗಳು ಮುಗಿಯುವ ಮೊದಲೇ, ಅವರು ದಂಡಿಗೆ ಸೇರಿ 1965ರ ಯುದ್ಧಕ್ಕೆ ಹೋದರು. ಜೊತೆಗಾರರು ಬಿಳೀ ಬಟ್ಟೆಯುಟ್ಟು ಸಾಲಾಗಿ ನಿಂತು ಸತ್ಯವೇದವನ್ನು ಹೊಂದಿದ ಭಾನುವಾರವು ಇವರಿಗೆ ತಪ್ಪಿತು. ಆಮೇಲೆ ರಜದಲ್ಲಿ ಬಂದಾಗ ಅಯ್ಯನವರು ಇವರನ್ನು ಪರೀಕ್ಷಿಸಿ ಕರ್ತನ ಭೋಜನಕ್ಕೆ ಸೇರಿಸಿಕೊಂಡರು. ಆದರೆ ಸಾಲೂ ಇರಲಿಲ್ಲ, ಪುಸ್ತಕವೂ ಇರಲಿಲ್ಲ. ಈ ವರುಷ ಇವರನ್ನು ಮಕ್ಕಳ ಸಂಗಡ ನಿಲ್ಲಿಸಬೇಕೆಂದು ಕೆಲವರು ಅಂದಾಗ, ಸಭಾಹಿರಿಯರೊಬ್ಬರು, ತಪ್ಪಿದ್ದು ತಪ್ಪಿತು, ಹುಡುಗರ ಸಾಲಿನಲ್ಲಿ ಮುದುಕನು ನಿಲ್ಲುವದು ನಗೆಗೇಡು ಎಂದರು.

ಇದು ನಗೆಗೇಡೋ? ನೆರೆಯ ಕೊಡಗಿನ ಕೆ. ಎಂ. ಕಾರಿಯಪ್ಪನವರ ಸಂಗತಿಯನ್ನು ನೋಡೋಣ. ಅವರು 1919ರಲ್ಲಿ ಇಂದೂರಿನ ಕೆಡೆಟ್ ಕಾಲೇಜಿನಿಂದ ಅಧಿಕಾರಿಯಾದವರು. ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಕಾಲೇಜಿನಲ್ಲಿ ಕಲಿತವರಲ್ಲ. ಆದಕಾರಣ ಖಾಯಂ ನೇಮಕವು ದೊರೆತಾಗ ಅದನ್ನು 1920ರ ಜುಲೈ 17ರಿಂದ ಎಣಿಸಿ, ಹಿಂದಿನ ದಿನ ಸ್ಯಾಂಡ್‌ಹರ್ಸ್ಟಿನಿಂದ ಹೊರಬಂದವರಿಗಿಂತ ಅವರನ್ನು ಒಂದೇ ದಿನದಿಂದ ಕಿರಿಯರನ್ನಾಗಿ ಮಾಡಿದರು. ಇಂಥವರೇ 1949ರ ಜನವರಿ 15ರಂದು ನಮ್ಮ ಸೇನೆಗೆ ಮೊದಲನೆಯ ಭಾರತೀಯ ಮಹಾದಂಡನಾಯಕರಾದರು, 1953ರಲ್ಲಿ ನಿವೃತ್ತರಾದರು. ಫೀಲ್ಡ್ ಮಾರ್ಷಲ್ ಪದವಿಯು ಅವರಿಗಿಂತ ಕಿರಿಯರಾದ ಮಾಣೆಕ್‌ಷಾರವರಿಗೆ 1973ರಲ್ಲಿ ಸಂದಿತು. ಕಾರಿಯಪ್ಪನವರಿಗೋ 1986ರಲ್ಲಿ, 87ನೇ ವಯಸ್ಸಿನಲ್ಲಿ. ಅದನ್ನು ಕಂಡು ದೇಶವು ನಗಲಿಲ್ಲ.

ಮಾನವು ದಾನವಲ್ಲ, ಸಾಲವಾಗಿದೆ ಎಂದು ನಾವು ಎಣಿಸುತ್ತೇವೆ. ಕೈಸಾಲದ ಪತ್ರವು ಮೂರು ವರುಷವಾದರೆ ಕೋರ್ಟಿನಲ್ಲಿ ವಾಯಿದೆ ತಪ್ಪೀತು. ಆದರೆ ಕೊಡತಕ್ಕವನ ಮನಸ್ಸಾಕ್ಷಿಯಲ್ಲಿ ವಾಯಿದೆಯೆಲ್ಲಿ? ಅರಸನ ಪ್ರಾಣವನ್ನುಳಿಸಿದ ಮೊರ್ದೆಕೈಯನ್ನು ಅರಮನೆಯು ಮರೆತಿತ್ತು. ಅರಸನಿಗೆ ನಿದ್ರೆ ಬಾರದ ಒಂದು ರಾತ್ರಿ ಪೂರ್ವಕಾಲದ ದಾಖಲೆಗಳನ್ನು ಓದಿಸಲಾಗಿ ಆ ಸಾಲವು ಬೆಳಕಿಗೆ ಬಂತು. ರಾಜವಸ್ತ್ರವನ್ನು ಹೊದ್ದು ಕುದುರೆಯ ಮೇಲೆ ಮೆರೆದ ಆ ಮನುಷ್ಯನು ಆಮೇಲೆ ಎಲ್ಲಿಗೆ ಹೋದನು? ಮುಂಚಿನಂತೆ ಅರಮನೆಯ ಬಾಗಲಿಗೇ. ಮಾನವು ಅವನಿಗಿಂತ ಅರಸನಿಗೇ ಹೆಚ್ಚು ಬೇಕಾಗಿತ್ತು.

ಆದರೂ ನಮ್ಮನ್ನು ಒಂದು ಪ್ರಶ್ನೆ ಚುಚ್ಚಿತು. ಅದೇ ವರುಷ ಅದೇ ಪಾಠದಿಂದ ಒಬ್ಬ ಹುಡುಗಿಯೂ ಎದ್ದುಹೋಗಿದ್ದಳು. ತಂದೆತಾಯಿಗಳ ಸಂಗಡ ಕಾಫಿ ತೋಟದ ಕೂಲಿಗೆ. ಆಕೆಗೆ ಪದಕವಿಲ್ಲ, ಪಿಂಚಣಿಯಿಲ್ಲ; ಆಕೆಯ ಹೆಸರನ್ನು ಸಭೆಯಲ್ಲಿ ಒಬ್ಬರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಎತ್ತಿದವರು ಆ ಮುದುಕರೇ. ನಾವು ಅವರ ಮನೆಗೆ ಹೋಗಿ ಕೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, “ಉಪದೇಶಿಯವರೇ, ಆಯಮ್ಮ ಇನ್ನೂ ಇದ್ದಾರಲ್ಲಾ, ಅವರು ನಿಂತರೆ ನಾನೂ ನಿಲ್ಲುತ್ತೇನೆ” ಎಂದರು.

ನಾವು ಎರಡು ಸತ್ಯವೇದಗಳಿಗೆ ಬರೆದಿದ್ದೇವೆ.